ಬೆಂಕಿ ಬಿದ್ದಾಗ ಬಾವಿ ತೋಡುವುದು

"ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದರಂತೆ" ಎಂಬ ಗಾದೆಯನ್ನು ಕೇಳದವರು ಕನ್ನಡ ನಾಡಿನಲ್ಲಿ ಇರಲಾರರು. ಮುಂದಾಲೋಚನೆಯಿಲ್ಲದವರನ್ನು ಹಾಸ್ಯಮಾಡುವುದಕ್ಕೆಂದು ಹುಟ್ಟಿದ ಮಾತು ಅದು. ಆದರೆ ಶ್ರೋತೃ ಮಹಾಶಯರೇ, ಬೆಂಕಿ ಬಿದ್ದ ಮೇಲೆ ಬಾವಿಯನ್ನು ತೋಡುವುದೇ ಸರಿಯಾದ ಉಪಾಯವಾಗುವ, ಅಷ್ಟೇ ಏಕೆ, ಉಳಿದಿರುವ ಒಂದೇ ಉಪಾಯವಾಗುವ ಸಂದರ್ಭಗಳೂ ಉಂಟೆಂದರೆ ತಾವು ನಂಬುವಿರಾ? ಕೈಮೀರಿ ಹೊರನುಗ್ಗುವ ಎಣ್ಣೆಯನ್ನಾಗಲಿ ನೀರನ್ನಾಗಲಿ, ಎಲ್ಲ ಕಟ್ಟುಪಾಡುಗಳೂ ಮುರಿದುಬಿದ್ದ ಮೇಲೆ, ಮನುಷ್ಯನು ಮತ್ತೆ ಹತೋಟಿಗೆ ತರುವುದು ಹೇಗೆ? ಈ ಕೊನೆಯ ಉಪಾಯಗಳ ವಿಚಾರವಾಗಿಯೇ ಇಂದು ತಮ್ಮೊಡನೆ ನಾಲ್ಕು ಮಾತುಗಳನ್ನು ಆಡಬೇಕೆಂದಿದ್ದೇನೆ.

ಈ ಪ್ರಶ್ನೆ ನಮ್ಮ ಕೊಪ್ಪಳ ಸೀಮೆಯವರ ಮನೆಬಾಗಿಲಿಗೇ ಬಂದುದು ೨೦೨೪ನೆಯ ಇಸವಿ ಆಗಸ್ಟ್ ೧೦ನೆಯ ತಾರೀಖಿನ ರಾತ್ರಿ. ತುಂಬಿ ನಿಂತಿದ್ದ ತುಂಗಭದ್ರಾ ಜಲಾಶಯದ ೧೯ನೆಯ ಗೇಟು, ತನ್ನನ್ನು ಹಿಡಿದಿದ್ದ ಸರಪಳಿ ಕಡಿದುಹೋಗಲು, ನೀರಿನಲ್ಲಿ ಕೊಚ್ಚಿಕೊಂಡು ಹೋಯಿತು. ಎರಡು ದಿನ ಕಳೆದ ಮೇಲೆ, ಹೋದ ಬಾಗಿಲಿಗೆ ಬದಲಾಗಿ ಹೊಸ ಬಾಗಿಲಿನ ತುಂಡುಗಳನ್ನು ಕಾರ್ಖಾನೆಗಳಲ್ಲಿ ಬೆಸೆಯುತ್ತಿರುವರೆಂಬ ಸುದ್ದಿ ಬಂದಿತು. ಆಗ ನಮ್ಮ ಕಾಲೇಜಿನ ಅಧ್ಯಾಪಕರ ಕೊಠಡಿಯಲ್ಲಿ ಆ ಗಾದೆಯನ್ನು ಹೇಳಿ ಎಲ್ಲರನ್ನೂ ನಗಿಸಿದವನು ನಾನೇ. ಆ ವಾರ ಮುಗಿಯುವುದರೊಳಗೆ ನನ್ನ ಮಾತನ್ನು ನಾನೇ ಹಿಂದಕ್ಕೆ ತೆಗೆದುಕೊಳ್ಳಬೇಕಾಯಿತು. ಅದು ಏಕೆಂಬುದನ್ನು ವಿವರಿಸುವುದೇ ಈ ಭಾಷಣದ ಉದ್ದೇಶ.

ಮೊದಲು ಅಣೆಕಟ್ಟಿನ ಸ್ಥಿತಿಗತಿಯನ್ನು ಸ್ವಲ್ಪ ನೆನಪಿಗೆ ತಂದುಕೊಳ್ಳೋಣ. ೧೯೪೫ನೆಯ ಇಸವಿಯಲ್ಲಿ ಹೈದರಾಬಾದು ಸಂಸ್ಥಾನವೂ ಮದರಾಸು ಪ್ರಾಂತವೂ ಜೊತೆಗೂಡಿ ಆರಂಭಿಸಿದ ಕಟ್ಟಡವದು, ೧೯೫೩ರಲ್ಲಿ ಪೂರ್ಣವಾಯಿತು. ಬಲದಂಡೆಯಲ್ಲಿ ಹೊಸಪೇಟೆ, ಎಡದಂಡೆಯಲ್ಲಿ ಕೊಪ್ಪಳ ತಾಲ್ಲೂಕಿನ ಮುನಿರಾಬಾದು. ಮುನಿರಾಬಾದಿನಿಂದ ಹೊರಡುವ ಎಡದಂಡೆಯ ಕಾಲುವೆಯೇ ಗಂಗಾವತಿಯ ಬತ್ತದ ಗದ್ದೆಗಳಿಗೆ ಜೀವ. ಅಲ್ಲಿಂದ ಮುಂದೆ ಸಿಂಧನೂರು, ರಾಯಚೂರುಗಳ ಕಡೆಗೂ ಅದು ಹರಿಯುವುದು. ಕುಷ್ಟಗಿ, ಯಲಬುರ್ಗಾ ತಾಲ್ಲೂಕುಗಳ ಎತ್ತರದ ಹೊಲಗಳಿಗೆ ಈ ಕಾಲುವೆಯ ನೀರು ಏರಲಾರದು. ಅಲ್ಲಿಯವರು ಮಳೆಯನ್ನೂ ಕೊಳವೆಬಾವಿಯನ್ನೂ ನಂಬಿದವರು. ಆದುದರಿಂದ ನೀರಿನ ಬೆಲೆಯನ್ನು ನಮ್ಮ ಜಿಲ್ಲೆಯವರು ಎರಡು ಬಗೆಯಲ್ಲಿ ಬಲ್ಲರು. ಅರ್ಧ ಜನ ನೀರಿದ್ದು ಬಲ್ಲರು. ಅರ್ಧ ಜನ ನೀರಿಲ್ಲದೆ ಬಲ್ಲರು.

ಈ ಅಣೆಕಟ್ಟಿನ ಕೋಡಿಯ ಮೇಲೆ ೩೩ ಬಾಗಿಲುಗಳುಂಟು. ಒಂದೊಂದೂ ೬೦ ಅಡಿ ಅಗಲ, ೨೦ ಅಡಿ ಎತ್ತರ. ಕೋಡಿಯ ಮಟ್ಟವು ಸಮುದ್ರಕ್ಕಿಂತ ೧,೬೧೩ ಅಡಿ ಮೇಲೆ. ತುಂಬಿದ ಜಲಾಶಯದ ಮಟ್ಟ ೧,೬೩೩ ಅಡಿ. ನಡುವಿನ ಈ ಇಪ್ಪತ್ತು ಅಡಿ ನೀರನ್ನು ತಡೆಹಿಡಿದಿರುವುದು ಕಲ್ಲುಗಾರೆಯಲ್ಲ, ಈ ಉಕ್ಕಿನ ಬಾಗಿಲುಗಳು ಮಾತ್ರ. ಬಾಗಿಲು ಸರಪಳಿಯಿಂದ ತೂಗಿರುವುದು. ಸರಪಳಿಯ ಇನ್ನೊಂದು ಕಡೆಯಲ್ಲಿ ಅದಕ್ಕೆ ಎದುರಾಗಿ ಒಂದು ಭಾರವುಂಟು. ಬಾವಿಯ ಏತಕ್ಕೆ ಹಿಂದೆ ಕಲ್ಲು ಕಟ್ಟುವರಲ್ಲವೆ, ಹಾಗೆಯೇ ಇದು. ಸರಪಳಿ ಗಟ್ಟಿಯಾಗಿರುವವರೆಗೆ ಬಾಗಿಲನ್ನು ಎತ್ತುವುದೂ ಇಳಿಸುವುದೂ ಸುಲಭ. ಸರಪಳಿ ಹೋದರೆ ಎಲ್ಲವೂ ಹೋದಂತೆ.

ಇನ್ನು ನೀರಿನ ಬಲವೆಷ್ಟೆಂಬುದನ್ನು ಲೆಕ್ಕಹಾಕೋಣ. ಇಪ್ಪತ್ತು ಅಡಿ ನೀರು ನಿಂತಾಗ ಅಂತಹ ಒಂದು ಬಾಗಿಲನ್ನು ಸುಮಾರು ೩೪೦ ಟನ್ನುಗಳ ಬಲವು ನೂಕುತ್ತಿರುವುದು. ಬಾಗಿಲು ಹೋದೊಡನೆ ಆ ಕಿಂಡಿಯೊಂದರಿಂದಲೇ ಸುಮಾರು ೩೫,೦೦೦ ಕ್ಯೂಸೆಕ್ಸ್, ಎಂದರೆ ಪ್ರತಿ ಸೆಕೆಂಡಿಗೆ ೩೫,೦೦೦ ಘನ ಅಡಿ ನೀರು ಹೊರಬೀಳತೊಡಗಿತು. ದಿನವೊಂದಕ್ಕೆ ಇದು ಸುಮಾರು ೩ ಟಿಎಂಸಿ; ಒಂದು ಟಿಎಂಸಿಯೆಂದರೆ ನೂರು ಕೋಟಿ ಘನ ಅಡಿ. ಜಲಾಶಯದಲ್ಲಿ ಆಗ ಇದ್ದುದು ಸುಮಾರು ೧೦೫ ಟಿಎಂಸಿ. ಕಟ್ಟಿದಾಗ ೧೩೩ ಟಿಎಂಸಿ ಹಿಡಿಯುತ್ತಿದ್ದ ಒಡಲು ಹೂಳು ತುಂಬಿ ಅಷ್ಟಕ್ಕೆ ಇಳಿದಿದ್ದಿತು. ಮೂರು ರಾಜ್ಯಗಳ ಹತ್ತು ಲಕ್ಷ ಎಕರೆಗೂ ಮಿಕ್ಕ ಭೂಮಿ ಆ ನೀರನ್ನು ಎದುರುನೋಡುತ್ತಿದ್ದಿತು.

ಮರುದಿನ ದಂಡೆಯ ಮೇಲೆ ನಿಂತು ನೋಡಿದವರಿಗೆ ಒಂದು ವಿಚಿತ್ರವಾದ ದೃಶ್ಯ ಕಂಡಿತು. ಒಂದು ಬಾಗಿಲು ಹೋಗಿ ನೀರು ಪೋಲಾಗುತ್ತಿರುವಾಗ, ಅಧಿಕಾರಿಗಳು ಉಳಿದ ೩೨ ಬಾಗಿಲುಗಳನ್ನೂ ತಾವಾಗಿಯೇ ಎತ್ತಿಸಿ, ಒಟ್ಟು ಸುಮಾರು ಒಂದು ಲಕ್ಷ ಕ್ಯೂಸೆಕ್ಸ್ ನೀರನ್ನು ನದಿಗೆ ಬಿಟ್ಟಿದ್ದರು. ಕಳ್ಳನು ಒಂದು ಕೋಣೆಗೆ ನುಗ್ಗಿದನೆಂದು ಮನೆಯ ಬಾಗಿಲುಗಳನ್ನೆಲ್ಲಾ ತೆರೆದಿಟ್ಟಂತೆ ಇದು ಹಲವರಿಗೆ ತೋರಿತು. ಆದರೆ ಇದರಲ್ಲಿ ಒಂದು ಯುಕ್ತಿಯಿದ್ದಿತು. ಬಾಗಿಲಿನ ಮೇಲೆ ನೀರು ಹಾಕುವ ಬಲವು ನೀರಿನ ಆಳದ ವರ್ಗಕ್ಕೆ ಸರಿಯಾಗಿ ಏರುವುದು, ಇಳಿಯುವುದು. ಕೋಡಿಯ ಮೇಲಣ ನೀರು ಇಪ್ಪತ್ತು ಅಡಿಯಿಂದ ಹತ್ತಕ್ಕೆ ಇಳಿದರೆ ೩೪೦ ಟನ್ನುಗಳ ನೂಕು ಅರ್ಧಕ್ಕಲ್ಲ, ಕಾಲು ಭಾಗಕ್ಕೆ, ಎಂದರೆ ೮೫ ಟನ್ನಿಗೆ ಇಳಿಯುವುದು. ಹರಿವೂ ಮೂರನೆಯ ಒಂದು ಭಾಗದಷ್ಟಕ್ಕೆ ತಗ್ಗುವುದು. ಆದಕಾರಣ ಮಟ್ಟವನ್ನು ಬೇಗ ತಗ್ಗಿಸಿದಷ್ಟೂ ಕಿಂಡಿಯ ಬಳಿ ಮನುಷ್ಯನ ಕೈ ಆಡುವುದು ಸಾಧ್ಯವಾಗುವುದು.

ಹಾಗಾದರೆ ಎಷ್ಟು ತಗ್ಗಿಸಬೇಕು? ನಿರಪಾಯವಾದ ಮಾರ್ಗ ಒಂದೇ: ನೀರು ಕೋಡಿಯ ಮಟ್ಟಕ್ಕೆ ಇಳಿಯುವವರೆಗೆ ಕಾದು, ಒಣಗಿದ ಕಿಂಡಿಗೆ ಬಾಗಿಲನ್ನು ಕೂರಿಸುವುದು. ಇದಕ್ಕೆ ಸುಮಾರು ೬೦ ಟಿಎಂಸಿ ನೀರನ್ನು ಚೆಲ್ಲಬೇಕಾಗಿದ್ದಿತು. ಇನ್ನೊಂದು ಮಾರ್ಗ, ಹರಿಯುವ ನೀರಿನಲ್ಲಿಯೇ ಕಿಂಡಿಯನ್ನು ಮುಚ್ಚುವುದು. ಮೊದಲನೆಯದರಲ್ಲಿ ರೈತನ ಬೆಳೆ ಹೋಗುವ ಭಯ. ಎರಡನೆಯದರಲ್ಲಿ ಕೆಲಸಗಾರರ ಪ್ರಾಣಕ್ಕೂ ಅಣೆಕಟ್ಟಿನ ಕಂಬಗಳಿಗೂ ಅಪಾಯದ ಭಯ. ೨೦೨೧ರ ಆಗಸ್ಟಿನಲ್ಲಿ ಕೃಷ್ಣಾ ನದಿಯ ಪುಲಿಚಿಂತಲ ಅಣೆಕಟ್ಟಿನ ೧೬ನೆಯ ಗೇಟು ಹೀಗೆಯೇ ಕಿತ್ತುಹೋದಾಗ, ನೀರನ್ನು ಬಹುವಾಗಿ ಇಳಿಸಿಯೇ ಕಿಂಡಿಗೆ ತಡೆಯನ್ನು ಹಾಕಿದ್ದರು.

ಇಂತಹ ಇಕ್ಕಟ್ಟನ್ನು ಬಹುಕಾಲದಿಂದ ಎದುರಿಸುತ್ತ ಬಂದವರು ಎಣ್ಣೆಬಾವಿಗಳನ್ನು ಕೊರೆಯುವವರು. ಅವರ ಅನುಭವವನ್ನು ಸ್ವಲ್ಪ ತಿಳಿದುಕೊಂಡರೆ ನಮ್ಮ ಮುನಿರಾಬಾದಿನ ಕಥೆ ಇನ್ನೂ ಚೆನ್ನಾಗಿ ಅರ್ಥವಾಗುವುದು. ನಮ್ಮ ಸೀಮೆಯ ನೆಲವು ಬಹು ಪುರಾತನವಾದ ಗಟ್ಟಿ ಬಂಡೆ. ಅದರಲ್ಲಿ ಎಣ್ಣೆ ಸಿಗುವಂತಿಲ್ಲ. ಸಮುದ್ರ ಮತ್ತು ನದಿಗಳು ತಂದು ಹರಡಿದ ಪದರಗಲ್ಲುಗಳ ಸಣ್ಣ ರಂಧ್ರಗಳಲ್ಲಿ ಎಣ್ಣೆಯೂ ಅನಿಲವೂ ಅಡಗಿರುವುವು. ಮೇಲಣ ಸಾವಿರಾರು ಅಡಿ ನೆಲದ ಭಾರವು ಅವುಗಳನ್ನು ಅದುಮಿರುವುದು. ಬಾವಿಯನ್ನು ಕೊರೆಯುವಾಗ ಅವು ಮೇಲಕ್ಕೆ ಚಿಮ್ಮದಂತೆ, ಕೊರೆದ ತೂತಿನ ತುಂಬ ಭಾರವಾದ ಕೆಸರನ್ನು ತುಂಬಿರುವರು. ನಮ್ಮ ನೆರೆಯ ಕಡಪ ಸೀಮೆಯ ಮಂಗಂಪೇಟೆಯಲ್ಲಿ ಹೇರಳವಾಗಿ ಸಿಗುವ ಬೆರೈಟ್ ಎಂಬ ಖನಿಜದ ಪುಡಿಯನ್ನು ಈ ಕೆಸರಿಗೆ ತೂಕ ಬರಲೆಂದೇ ಸೇರಿಸುವರು. ಕೆಸರಿನ ತೂಕ ಕೆಳಗಿನ ಒತ್ತಡಕ್ಕೆ ಸಾಲದೆ ಹೋದರೆ, ಬಾವಿಯ ಬಾಯಲ್ಲಿರುವ ಭದ್ರವಾದ ಉಕ್ಕಿನ ಕವಾಟಗಳು ಮುಚ್ಚಿಕೊಳ್ಳಬೇಕು. ಅವೂ ಕೈಕೊಟ್ಟರೆ ಬಾವಿ ಸಿಡಿಯುವುದು. ಇದನ್ನೇ ಬ್ಲೋಔಟ್ ಎನ್ನುವರು. ಒಂದು ಕಿಡಿ ಸಾಕು, ಆಕಾಶಕ್ಕೇರುವ ಬೆಂಕಿಯ ಕಂಬ ನಿಲ್ಲುವುದು.

ನಮ್ಮ ದೇಶದಲ್ಲಿಯೂ ಇದು ನಡೆದಿದೆ. ಗೋದಾವರಿಯ ಮುಖಜಭೂಮಿಯ ಪಾಸರ್ಲಪೂಡಿಯಲ್ಲಿ ೧೯೯೫ರ ಜನವರಿ ೮ರಂದು ಸಿಡಿದ ಬಾವಿ ೬೫ ದಿನ ಉರಿಯಿತು. ಅಸ್ಸಾಮಿನ ಬಾಘಜಾನಿನಲ್ಲಿ ೨೦೨೦ರ ಮೇ ೨೭ರಂದು ಒಂದು ಅನಿಲದ ಬಾವಿ ಸಿಡಿಯಿತು. ಜೂನ್ ೯ರಂದು ಹೊತ್ತಿಕೊಂಡಿತು. ಬೆಂಕಿಯೊಡನೆ ಹೋರಾಡಲು ಹೋದ ಇಬ್ಬರು ಅಗ್ನಿಶಾಮಕ ಸಿಬ್ಬಂದಿ ಪ್ರಾಣ ಕಳೆದುಕೊಂಡರು. ಬಾವಿ ಶಾಂತವಾದುದು ನವೆಂಬರ್ ೧೫ಕ್ಕೆ.

ಇಂತಹ ಬಾವಿಯನ್ನು ನಿಲ್ಲಿಸುವ ಬಗೆಗಳನ್ನು ಕ್ರಮವಾಗಿ ನೋಡೋಣ. ಮೊದಲನೆಯದಾಗಿ, ಬೆಂಕಿಯನ್ನು ಆರಿಸುವುದು. ದೊಡ್ಡ ಸಿಡಿಮದ್ದನ್ನು ಜ್ವಾಲೆಯ ಬಳಿ ಹಾರಿಸಿದರೆ, ಆ ಹೊಡೆತಕ್ಕೆ ಗಾಳಿ ಆಚೀಚೆ ಸರಿದು ಜ್ವಾಲೆ ಬಾವಿಯಿಂದ ಕಡಿದುಹೋಗುವುದು, ದೀಪವನ್ನು ಊದಿ ಆರಿಸಿದಂತೆ. ೧೯೯೧ರಲ್ಲಿ ಕುವೈತಿನಲ್ಲಿ ಯುದ್ಧದ ಕೊನೆಗೆ ಹಿಂದೆಗೆಯುತ್ತಿದ್ದ ಇರಾಕಿನ ಸೈನ್ಯ ೬೦೦ಕ್ಕೂ ಮಿಕ್ಕ ಬಾವಿಗಳಿಗೆ ಬೆಂಕಿಯಿಟ್ಟಿತು. ಹಂಗೇರಿಯ ಎಂಜಿನಿಯರುಗಳು ಯುದ್ಧವಿಮಾನದ ಎರಡು ಜೆಟ್ ಎಂಜಿನುಗಳನ್ನು ಟ್ಯಾಂಕಿನ ಮೇಲೆ ಕೂರಿಸಿ, ನೀರು ಬೆರೆತ ಬಿರುಗಾಳಿಯಿಂದ ಕೆಲವನ್ನು ಆರಿಸಿದರು. ಕೊನೆಯ ಬಾವಿ ಮುಚ್ಚಿದುದು ಆ ವರ್ಷದ ನವೆಂಬರ್ ೬ರಂದು. ಆದರೆ ಬೆಂಕಿ ಆರಿದ ಮಾತ್ರಕ್ಕೆ ಬಾವಿ ನಿಂತಂತಲ್ಲ. ಅನೇಕ ವೇಳೆ ಪರಿಣತರು ಬೆಂಕಿಯನ್ನು ಉರಿಯಲಿಕ್ಕೆ ಬಿಡುವರು. ಏಕೆಂದರೆ ಉರಿಯದ ಅನಿಲ ಊರಿನ ಮೇಲೆ ಹಬ್ಬುವುದು ಉರಿಯುವ ಅನಿಲಕ್ಕಿಂತ ಭಯಂಕರ.

ಎರಡನೆಯದು, ಬಾಯಿಗೆ ಮುಚ್ಚಳ ಹಾಕುವುದು. ಇಲ್ಲಿ ಗಮನಿಸಬೇಕಾದ ಒಂದು ಸೂಕ್ಷ್ಮವುಂಟು. ಮುಚ್ಚಳವನ್ನು ಎಂದಿಗೂ ಮುಚ್ಚಿದ ಸ್ಥಿತಿಯಲ್ಲಿ ಕೂರಿಸುವುದಿಲ್ಲ. ಅದರ ಕವಾಟಗಳೆಲ್ಲವನ್ನೂ ತೆರೆದಿಟ್ಟು, ಎಣ್ಣೆ ಅದರ ಮೂಲಕವೇ ಚಿಮ್ಮುತ್ತಿರುವಂತೆ ಕೂರಿಸಿ, ಬಿಗಿದು, ಆಮೇಲೆ ಒಂದೊಂದೇ ಕವಾಟವನ್ನು ಮೆಲ್ಲಮೆಲ್ಲನೆ ಮುಚ್ಚುತ್ತ ಬರುವರು. ಎದುರಿಗೆ ಅಡ್ಡನಿಂತರೆ ಮುಚ್ಚಳವೇ ಹಾರಿಹೋಗುವುದು. ಬಾಘಜಾನಿನಲ್ಲಿಯೂ ಮೊದಲು ಅನಿಲಕ್ಕೆ ಪಕ್ಕದ ಕೊಳವೆಯಿಂದ ದಾರಿ ಮಾಡಿಕೊಟ್ಟು, ಬಳಿಕವೇ ಭಾರವಾದ ದ್ರವವನ್ನು ಬಾವಿಯೊಳಕ್ಕೆ ಇಳಿಸಿ ಅದನ್ನು ಅಡಗಿಸಿದರು.

ಮೂರನೆಯದು, ಮೇಲಿನಿಂದಲೇ ಭಾರವಾದ ಕೆಸರನ್ನು ಬಲವಾಗಿ ತುಂಬುವುದು. ೨೦೧೦ರ ಏಪ್ರಿಲ್ ೨೦ರಂದು ಅಮೆರಿಕಾದ ದಕ್ಷಿಣದ ಮೆಕ್ಸಿಕೋ ಕೊಲ್ಲಿಯಲ್ಲಿ ಮಕಾಂಡೋ ಎಂಬ ಬಾವಿ ಸಿಡಿದು ಹನ್ನೊಂದು ಜನ ಸತ್ತರು. ಸಮುದ್ರದ ತಳದಲ್ಲಿ ಹರಿಯುತ್ತಿದ್ದ ಆ ಎಣ್ಣೆಗೆ ಎದುರಾಗಿ ಮೇ ತಿಂಗಳ ಕೊನೆಯಲ್ಲಿ ಮೂರು ದಿನ ಕೆಸರನ್ನು ತುಂಬಿದರು; ಎಣ್ಣೆ ಅದನ್ನು ಹೊರಕ್ಕೆ ಉಗುಳಿಬಿಟ್ಟಿತು. ಜುಲೈ ೧೫ರಂದು, ಎಂಬತ್ತೇಳು ದಿನಗಳಾದ ಮೇಲೆ, ಮುಚ್ಚಳವೊಂದು ಹರಿವನ್ನು ನಿಲ್ಲಿಸಿತು.

ನಾಲ್ಕನೆಯದೇ ನಮ್ಮ ಗಾದೆಯ ಉಪಾಯ. ಉರಿಯುವ ಬಾವಿಯಿಂದ ಬಹುದೂರದಲ್ಲಿ, ಬೆಂಕಿಯ ತಾಪ ತಟ್ಟದ ಕಡೆಯಲ್ಲಿ ಇನ್ನೊಂದು ಬಾವಿಯನ್ನು ಕೊರೆಯತೊಡಗುವರು. ಇದು ನೆಟ್ಟಗೆ ಇಳಿದು, ಆಮೇಲೆ ಓರೆಯಾಗಿ ತಿರುಗಿ, ಸಾವಿರಾರು ಅಡಿ ಆಳದಲ್ಲಿ ಮೊದಲ ಬಾವಿಯನ್ನು ಸಂಧಿಸಬೇಕು. ಸಂಧಿಸಬೇಕಾದುದು ಒಂದು ಗೇಣು ಅಗಲದ ತೂತನ್ನು! ಕಣ್ಣಿಗೆ ಕಾಣದ ಆ ಕೊಳವೆಯ ಉಕ್ಕನ್ನು ಅಯಸ್ಕಾಂತದ ಗುಣದಿಂದ ಪತ್ತೆಹಚ್ಚುತ್ತ ಮುಂದುವರಿಯುವರು. ಸಂಧಿಸಿದ ಮೇಲೆ ಬುಡದಿಂದಲೇ ಕೆಸರನ್ನು ತುಂಬಿ ಬಾವಿಯ ಉಸಿರನ್ನು ಕಟ್ಟುವರು. ಓರೆಯಾಗಿ ಕೊರೆಯುವ ಈ ವಿದ್ಯೆಯಿಂದ ೧೯೩೪ರಲ್ಲಿಯೇ ಟೆಕ್ಸಾಸಿನ ಕಾನ್ರೋ ಎಂಬಲ್ಲಿ ಒಂದು ಬಾವಿಯನ್ನು ಪಳಗಿಸಿದ್ದರು. ಮಕಾಂಡೋ ಬಾವಿಗೂ ಕಟ್ಟಕಡೆಯ ಮುದ್ರೆ ಬಿದ್ದುದು ಸೆಪ್ಟೆಂಬರ್ ೧೯ಕ್ಕೆ, ಇಂತಹ ಬಾವಿಯ ಮೂಲಕವೇ. ಆದರೆ ಆ ಬಾವಿಯನ್ನು ಕೊರೆಯತೊಡಗಿದ್ದು ಯಾವಾಗ? ಮೇ ೨ರಂದು, ಸಿಡಿತವಾಗಿ ಹನ್ನೆರಡೇ ದಿನಕ್ಕೆ. ಬೇರೆ ಉಪಾಯಗಳು ಒಂದೊಂದಾಗಿ ಸೋಲುತ್ತಿದ್ದಾಗ, ಕೊನೆಯ ಉಪಾಯವು ಸದ್ದಿಲ್ಲದೆ ನೆಲದೊಳಗೆ ಇಳಿಯುತ್ತಲೇ ಇದ್ದಿತು. ಮಿಕ್ಕವೆಲ್ಲಾ ಸೋತ ಮೇಲೆ ಆರಂಭಿಸೋಣವೆಂದಿದ್ದರೆ ಎಷ್ಟು ತಿಂಗಳುಗಳು ಹೋಗುತ್ತಿದ್ದುವೋ!

ಇವೆಲ್ಲಕ್ಕೂ ಆಚೆಗೆ ಒಂದು ಭೀಕರೋಪಾಯವನ್ನು ಸೋವಿಯತ್ ರಷ್ಯದವರು ಪ್ರಯೋಗಿಸಿದರು. ಉಜ್ಬೇಕಿಸ್ತಾನದ ಉರ್ತಬುಲಾಕಿನಲ್ಲಿ ಮೂರು ವರ್ಷಗಳ ಹತ್ತಿರ ಉರಿದ ಅನಿಲದ ಬಾವಿಯ ಪಕ್ಕಕ್ಕೆ ಓರೆಯಾಗಿ ಕೊರೆದು, ೧೯೬೬ರ ಸೆಪ್ಟೆಂಬರ್ ೩೦ರಂದು ನೆಲದಾಳದಲ್ಲಿ ಅಣ್ವಸ್ತ್ರವನ್ನು ಸಿಡಿಸಿದರು. ಬಂಡೆಯೇ ಸರಿದು ಬಾವಿಯನ್ನು ಹಿಸುಕಿತು, ಬೆಂಕಿ ಆರಿತು. ಅದಕ್ಕೂ ಮೊದಲು ಇನ್ನೊಂದು ಬಾವಿಯನ್ನು ತೋಡಲೇಬೇಕಾಯಿತೆಂಬುದನ್ನು ತಾವು ಗಮನಿಸಿರಬಹುದು.

ಈ ಎಲ್ಲ ಅನುಭವದಿಂದ ಮೂರು ಸೂತ್ರಗಳು ಹೊರಡುವುವು. ಉಕ್ಕಿ ಬರುವ ಬಲಕ್ಕೆ ಎದುರುನಿಲ್ಲದೆ ಮೊದಲು ದಾರಿ ಬಿಡಬೇಕು. ಅದರ ಒತ್ತಡವನ್ನು ಬೇರೊಂದು ಕಡೆಯಿಂದ ತಗ್ಗಿಸಬೇಕು. ಕೊನೆಯ ಉಪಾಯವನ್ನು ಮೊದಲನೆಯ ದಿನವೇ ಆರಂಭಿಸಬೇಕು.

ಈಗ ಮುನಿರಾಬಾದಿಗೆ ಹಿಂದಿರುಗೋಣ. ೩೨ ಬಾಗಿಲುಗಳನ್ನು ಎತ್ತಿದುದು ಮೊದಲೆರಡು ಸೂತ್ರಗಳ ಪ್ರಕಾರ. ಮೂರನೆಯದೂ ತಪ್ಪಲಿಲ್ಲ. ಗೇಟುಗಳ ಕೆಲಸದಲ್ಲಿ ದೀರ್ಘಾನುಭವವುಳ್ಳ ಕನ್ನಯ್ಯ ನಾಯ್ಡು ಅವರನ್ನು ಕರೆಸಿದರು. ಹರಿಯುವ ನೀರಿನಲ್ಲಿಯೇ ತಡೆಯನ್ನು ಇಳಿಸೋಣವೆಂದು ನಿಶ್ಚಯವಾಯಿತು. ನೀರು ಇಳಿಯಲೆಂದು ಕಾಯದೆ, ಹೊಸಪೇಟೆಯ ಸುತ್ತಣ ಕಾರ್ಖಾನೆಗಳಲ್ಲಿಯೂ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಲ್ಲಿಯೂ ಹಗಲಿರುಳು ಕೆಲಸ ನಡೆಯಿತು. ಅವರು ಮಾಡಿದುದು ಇಪ್ಪತ್ತು ಅಡಿಯ ಒಂದೇ ಬಾಗಿಲನ್ನಲ್ಲ. ೬೦ ಅಡಿ ಉದ್ದ, ೪ ಅಡಿ ಎತ್ತರದ ಐದು ಉಕ್ಕಿನ ಹಲಗೆಗಳನ್ನು. ಇವಕ್ಕೆ ಸ್ಟಾಪ್‌ಲಾಗ್ ಎಂದು ಹೆಸರು. ಹಳೆಯ ಪೇಟೆಗಳಲ್ಲಿ ಅಂಗಡಿಯವನು ರಾತ್ರಿ ಹಲಗೆಗಳನ್ನು ಒಂದೊಂದಾಗಿ ತೋಡಿನಲ್ಲಿ ಸೇರಿಸಿ ಅಂಗಡಿ ಮುಚ್ಚುವುದನ್ನು ತಾವು ಕಂಡಿರಬಹುದು. ಅದೇ ತತ್ತ್ವ, ಇಲ್ಲಿ ಹಲಗೆಗಳು ಅಡ್ಡಲಾಗಿ, ಒಂದರ ಮೇಲೊಂದು ಕೂರುವುವು. ಮೊದಲ ಹಲಗೆ ಇಳಿದಾಗ ನೀರು ಅದರ ಮೇಲೆ ಹಾಯ್ದುಹೋಗುತ್ತಲೇ ಇರುವುದು. ಇಡೀ ನದಿಯನ್ನು ಒಮ್ಮೆಗೇ ನಿಲ್ಲೆನ್ನದೆ, ನಾಲ್ಕು ನಾಲ್ಕು ಅಡಿಯಾಗಿ ಅದನ್ನು ಒಪ್ಪಿಸುವ ಕ್ರಮವಿದು. ಎಣ್ಣೆಬಾವಿಯ ಕವಾಟಗಳನ್ನು ಒಂದೊಂದಾಗಿ ಮುಚ್ಚುವುದಕ್ಕೂ ಇದಕ್ಕೂ ಭೇದವಿಲ್ಲ.

ಮೊದಲ ಪ್ರಯತ್ನ ಕೈಗೂಡಲಿಲ್ಲ. ಕಿಂಡಿಯ ಮೇಲಣ ಹಳೆಯ ಕಟ್ಟಡಭಾಗವೂ ಎದುರುಭಾರವೂ ಕ್ರೇನಿಗೆ ಅಡ್ಡಬಂದುವು, ಅವುಗಳನ್ನು ತೆಗೆಯಬೇಕಾಯಿತು. ಆಗಸ್ಟ್ ೧೬ರ ಸಂಜೆ ಮೊದಲ ಹಲಗೆ ತೋಡಿನಲ್ಲಿ ಕುಳಿತಿತು. ೧೭ರಂದು ಐದೂ ಕುಳಿತುವು. ಸುಮಾರು ೩೦ ಟಿಎಂಸಿಗೆ ಮಿಕ್ಕ ನೀರು ನದಿಯ ಪಾಲಾಗಿದ್ದಿತು. ಆದರೆ ೭೦ ಟಿಎಂಸಿಗೆ ಮಿಕ್ಕು ಉಳಿಯಿತು. ಗಂಗಾವತಿಯ ಮುಂಗಾರು ಬತ್ತ ಒಣಗಲಿಲ್ಲ. ಮುಂದೆ ಬಂದ ಮಳೆಯಿಂದ ಜಲಾಶಯಕ್ಕೆ ಮತ್ತೆ ನೀರು ಬಂದಿತು. ಹರಿಯುವ ನೀರಿನ ಎದುರಿಗೆ ನಿಂತು ಈ ಕೆಲಸವನ್ನು ಮಾಡಿದವರು ಹೆಸರು ತಿಳಿಯದ ಬೆಸುಗೆಗಾರರು, ಕ್ರೇನು ನಡೆಸುವವರು, ಕೂಲಿಗಳು. ಅಧ್ಯಾಪಕರ ಕೊಠಡಿಯಲ್ಲಿ ನಕ್ಕ ನನ್ನಂಥವರ ಬತ್ತವನ್ನೂ ಉಳಿಸಿದವರು ಅವರು.

ಹಾಗಾದರೆ ಗಾದೆ ಸುಳ್ಳಾಯಿತೆ? ಆಗಲಿಲ್ಲ. ಅದರ ಇನ್ನೊಂದು ಮುಖ ಮರುವರ್ಷ ಕಂಡಿತು. ಒಂದು ಸರಪಳಿ ಕಡಿದುದರಿಂದ ಉಳಿದ ಬಾಗಿಲುಗಳ ವಯಸ್ಸೂ ಲೋಕಕ್ಕೆ ಗೋಚರವಾಯಿತು. ಏಳು ದಶಕ ದುಡಿದ ೩೩ ಬಾಗಿಲುಗಳನ್ನೂ ಬದಲಿಸಬೇಕೆಂದು ಪರಿಣತರು ಹೇಳಿದರು. ೨೦೨೫ರಲ್ಲಿ ಮಳೆ ಚೆನ್ನಾಗಿ ಬಂದರೂ ಜಲಾಶಯದಲ್ಲಿ ಸುಮಾರು ೮೦ ಟಿಎಂಸಿಗಿಂತ ಹೆಚ್ಚು ನಿಲ್ಲಿಸಲು ಧೈರ್ಯವಾಗಲಿಲ್ಲ. ಬಾಗಿಲುಗಳನ್ನು ಬದಲಿಸುವ ಕೆಲಸಕ್ಕಾಗಿ ಆ ವರ್ಷದ ಎರಡನೆಯ ಬೆಳೆಗೆ ನೀರಿಲ್ಲವೆಂದು ತೀರ್ಮಾನವಾಯಿತು. ೨೦೨೪ರ ಆಗಸ್ಟಿನಲ್ಲಿ ಒಂದು ವಾರದ ಸಾಹಸದಿಂದ ಉಳಿದ ರೈತನು, ೨೦೨೫ರ ಕೊನೆಯಲ್ಲಿ ಬರಿಯ ಗದ್ದೆಯ ಬದುವಿನ ಮೇಲೆ ಕುಳಿತು ಹಲವು ವರ್ಷಗಳ ಉದಾಸೀನದ ಸಾಲವನ್ನು ತೀರಿಸಬೇಕಾಯಿತು.

ಆದಕಾರಣ ನನ್ನ ಅಭಿಪ್ರಾಯ ಇಷ್ಟು. ಬೆಂಕಿ ಬಿದ್ದಾಗ ಬಾವಿ ತೋಡಲು ಹೊರಟವನನ್ನು ನಾವು ನಗಬಾರದು. ಅವನು ತೋಡಲೇಬೇಕು, ಅದೂ ಆ ಕ್ಷಣದಲ್ಲಿಯೇ. ನಗಬೇಕಾದುದು ಗುದ್ದಲಿಯನ್ನು ಅಂದು ಹುಡುಕುತ್ತ ಹೊರಟವನನ್ನು. ಐದು ಉಕ್ಕಿನ ಹಲಗೆಗಳು ೨೦೨೪ರ ಆಗಸ್ಟ್ ೧೦ಕ್ಕೆ ಮೊದಲೇ ಅಣೆಕಟ್ಟಿನ ಪಕ್ಕದ ಉಗ್ರಾಣದಲ್ಲಿ ಬಿದ್ದಿದ್ದರೆ, ಅವುಗಳಿಗೆ ವರ್ಷಕ್ಕೊಮ್ಮೆ ಎಣ್ಣೆ ಬಣ್ಣ ಬಳಿಯುವ ಕೆಲಸದ ಹೊರತು ಬೇರೇನೂ ಇರುತ್ತಿರಲಿಲ್ಲ. ಯಾರೂ ಅವುಗಳ ಚಿತ್ರವನ್ನು ಪತ್ರಿಕೆಯಲ್ಲಿ ಅಚ್ಚುಹಾಕುತ್ತಿರಲಿಲ್ಲ. ಅಂತಹ ಕೀರ್ತಿಯಿಲ್ಲದ ವೆಚ್ಚಕ್ಕೆ ಒಪ್ಪಿಗೆ ಕೊಡುವ ಬುದ್ಧಿಯನ್ನು ನಾವು, ಓದುಬರಹ ಬಲ್ಲ ನಾಗರಿಕರು, ಕಲಿತುಕೊಳ್ಳಬೇಕಾಗಿದೆ.

ಮುಂದಿನ ಸಲ ಮುನಿರಾಬಾದಿನ ದಂಡೆಯ ಮೇಲೆ ತಾವು ಸಂಜೆ ತಿರುಗಾಡಲು ಹೋದಾಗ, ಧುಮುಕುವ ನೀರಿನ ಚೆಲುವನ್ನು ನೋಡುವುದರ ಜೊತೆಗೆ ಒಮ್ಮೆ ಆ ಬಾಗಿಲುಗಳ ಕಡೆಗೂ ಕಣ್ಣು ಹಾಯಿಸಿ, ಬದಲಿ ಹಲಗೆಗಳನ್ನು ಎಲ್ಲಿಟ್ಟಿರುವರೆಂದು ಅಲ್ಲಿರುವವರನ್ನು ವಿಚಾರಿಸಿರೆಂದು ಬೇಡಿಕೊಂಡು ಇಲ್ಲಿಗೆ ವಿರಮಿಸುತ್ತೇನೆ.